ಲಾಠಿ ಹಿಡಿದವನೆಲ್ಲ ಖಳನಾಯಕನೇ?

ಧಾರಾವಾಹಿ ನೋಡುವಾಗ ನಮಗೆಲ್ಲ ಒಂದು ಅವಸರ ಇರುತ್ತದೆ. ಹೊಸ ಪಾತ್ರ ಪರದೆಗೆ ಬಂದ ಕೂಡಲೇ ಇವನು ಒಳ್ಳೆಯವನೋ ಕೆಟ್ಟವನೋ ಎಂದು ತಿಳಿದುಬಿಡಬೇಕು. ಕೆಟ್ಟವನೆಂದು ಗೊತ್ತಾದರೆ ಮತ್ತೆ ಅವನ ಬಗ್ಗೆ ಯೋಚಿಸುವ ಕೆಲಸವಿಲ್ಲ. ಅವನಿಗೆ ಏಟು ಬಿದ್ದಾಗ ಖುಷಿಪಟ್ಟರೆ ಮುಗಿಯಿತು.

2005ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾದ 'ಪ್ರಿಸನ್ ಬ್ರೇಕ್' ಧಾರಾವಾಹಿಯನ್ನು ನಮ್ಮ ಯುವಜನರಲ್ಲಿ ಹಲವರು ನೋಡಿದ್ದಾರೆ. ಮಾಡದ ಕೊಲೆಗೆ ಮರಣದಂಡನೆ ಪಡೆದ ಅಣ್ಣನನ್ನು ಬಿಡಿಸಲು ತಮ್ಮ ತಾನಾಗಿಯೇ ಜೈಲು ಸೇರುವ ಕಥೆ ಅದು. ಆ ಜೈಲಿನ ಕಾವಲುಗಾರರ ಮುಖ್ಯಸ್ಥ ಕ್ಯಾಪ್ಟನ್ ಬ್ರಾಡ್ ಬೆಲಿಕ್. ವೇಡ್ ವಿಲಿಯಮ್ಸ್ ಎಂಬ ನಟ ಈ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಬೆಲಿಕ್ ಬಾಗಿಲಲ್ಲಿ ಕಾಣಿಸಿಕೊಂಡರೆ ನೋಡುವವರ ಮೈ ಉರಿಯುತ್ತದೆ. ಅವನು ಖಳನಾಯಕನೇ? ಹೌದು ಎಂದು ಹೇಳುವುದು ಸುಲಭ. ಆದರೆ ಸ್ವಲ್ಪ ನಿಂತು ನೋಡೋಣ.

ನಿಂತು ನೋಡುವುದು ನಮ್ಮ ಕುಂಬಳೆ ಸೀಮೆಗೆ ಹೊಸದೇನಲ್ಲ. ತೆಂಕುತಿಟ್ಟು ಯಕ್ಷಗಾನದವರು ಹಿರಿಯನೆಂದು ನೆನೆಯುವ ಪಾರ್ತಿಸುಬ್ಬನ ಊರು ಇದು. ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿದಾಗಲೇ ರಕ್ಕಸ ಬಂದನೆಂದು ಮಗುವಿಗೂ ತಿಳಿಯುತ್ತದೆ. ಆದರೆ ತಾಳಮದ್ದಳೆಯಲ್ಲಿ ಬಣ್ಣವೂ ಇಲ್ಲ, ಕಿರೀಟವೂ ಇಲ್ಲ. ಅಲ್ಲಿ ರಾವಣನೂ ವಾಲಿಯೂ ತಮ್ಮ ಮಾತು ತಾವೇ ಆಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದವರು, ಬಾಣ ಬಿಟ್ಟವನೂ ಉತ್ತರ ಕೊಡಬೇಕಾದೀತು ಎಂದು ಯೋಚಿಸುತ್ತ ಮನೆಗೆ ಹೋಗುತ್ತಿದ್ದರು. ತಪ್ಪಿತಸ್ಥನ ಮಾತು ಕೇಳಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಆದರೆ ತೀರ್ಪು ನ್ಯಾಯವಾಗುತ್ತದೆ.

ಬೆಲಿಕ್‌ನ ಲೆಕ್ಕವನ್ನು ಮೊದಲು ನೋಡೋಣ. ಜೈಲಿನ ಕೆಲಸದ ಹಿಡಿತವನ್ನು ಒಬ್ಬ ಗೂಂಡಾ ನಾಯಕನ ಕೈಗೆ ಬಿಟ್ಟು ಅದಕ್ಕೆ ಲಂಚ ತೆಗೆದುಕೊಳ್ಳುತ್ತಾನೆ. ತನಗೆ ಸುದ್ದಿ ತಂದುಕೊಡದ ಎಳೆಯ ಕೈದಿಯನ್ನು, ಏನಾಗುತ್ತದೆಂದು ಗೊತ್ತಿದ್ದೇ, ಕ್ರೂರಿಯೊಬ್ಬನ ಕೋಣೆಗೆ ಹಾಕಿಸುತ್ತಾನೆ. ಇದನ್ನೆಲ್ಲ ಮಾಡೆಂದು ಯಾರೂ ಅವನಿಗೆ ಆಜ್ಞೆ ಕೊಟ್ಟಿರಲಿಲ್ಲ. 'ಜೈಲಿನ ಕೆಲಸವೇ ಹಾಗೆ, ಮನುಷ್ಯ ಕಲ್ಲಾಗುತ್ತಾನೆ' ಎನ್ನೋಣವೇ? ಅದೇ ಗೋಡೆಗಳ ಒಳಗೆ ಹೆನ್ರಿ ಪೋಪ್ ಎಂಬ ಜೈಲು ಅಧಿಕಾರಿಯೂ ಇದ್ದಾನೆ. ಹೆಂಡತಿಗೆ ಉಡುಗೊರೆ ಕೊಡಲು ತಾಜ್‌ಮಹಲಿನ ಮಾದರಿ ಕಟ್ಟುತ್ತಾನೆ, ಅದಕ್ಕೆ ಕೈದಿಯ ಸಹಾಯ ಕೇಳುತ್ತಾನೆ, ಕೈದಿಗಳೂ ಮನುಷ್ಯರೆಂದು ನಂಬುತ್ತಾನೆ. ಒಂದೇ ಜೈಲು, ಇಬ್ಬರು ಮನುಷ್ಯರು. ಆದ್ದರಿಂದ ಬೆಲಿಕ್‌ನ ಕ್ರೌರ್ಯ ಅವನದೇ. ಕೆಲಸದ ಮೇಲೆ ಹೊರಿಸುವಂತಿಲ್ಲ.

ಆದರೂ ಒಂದು ಮಾತಿದೆ. ಆ ಅಣ್ಣನನ್ನು ಸಾವಿನ ಕುರ್ಚಿಯ ತನಕ ತಂದವನು ಬೆಲಿಕ್ ಅಲ್ಲ. ಅದರ ಹಿಂದೆ ದೇಶದ ಉಪಾಧ್ಯಕ್ಷೆಯೂ ದೊಡ್ಡ ಹಣದ ಕೂಟವೂ ಇವೆ. ಅವರ ಕೈಯಲ್ಲಿ ಲಾಠಿ ಇಲ್ಲ, ಬಾಯಲ್ಲಿ ಬೈಗುಳ ಇಲ್ಲ. ಒಳ್ಳೆಯ ಉಡುಪು ತೊಟ್ಟು ಮೆಲ್ಲಗೆ ಮಾತಾಡುತ್ತಾರೆ. ಹೊಡೆಯುವ ಕೈ ನಮಗೆ ಕಾಣುತ್ತದೆ, ಹೊಡೆಸುವ ತಲೆ ಕಾಣುವುದಿಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇಂಥ ಪ್ರಶ್ನೆ ಒಂದಿದೆ. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರಿಗೆ ಸಿಕ್ಕಿದ ಸುಬ್ಬರಾಯ ಎಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. ಊರವರಿಗೆ ಅವನ ಮೇಲೆ ಸಿಟ್ಟಿತ್ತು. ಪೊಲೀಸರ ಹೊಡೆತ ತಿಂದ ಜನ ಅವರು. ಆ ಪ್ರಕರಣದಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಯನ್ನೇ ಆಧರಿಸಿ ನಿರಂಜನರು 'ಚಿರಸ್ಮರಣೆ' ಕಾದಂಬರಿ ಬರೆದರು. ಆ ನಾಲ್ವರನ್ನು ನಾಡು ಇಂದಿಗೂ ನೆನೆಯುತ್ತದೆ, ನೆನೆಯಬೇಕಾದ್ದೇ. ಆದರೆ ಆ ಪೇದೆ ಯಾರು? ಪರಕೀಯ ಸರಕಾರದ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದ ಸಂಬಳದ ಆಳು. ಜಮೀನ್ದಾರನ ಗೇಣಿಯ ಲೆಕ್ಕವನ್ನಾಗಲಿ ಸರಕಾರದ ಕಾನೂನನ್ನಾಗಲಿ ಬರೆದವನು ಅವನಲ್ಲ. ಜನರ ಸಿಟ್ಟು ಮುಟ್ಟಿದ್ದು ಮಾತ್ರ ಅವನನ್ನು. ಮೇಲೆ ಕುಳಿತವರು ಆ ದಿನ ಹೊಳೆಯ ಹತ್ತಿರ ಇರಲಿಲ್ಲ.

ಹಾಗಾದರೆ ಬೆಲಿಕ್‌ನ ತೀರ್ಪು? ಧಾರಾವಾಹಿಯನ್ನು ಮೊದಲ ವರ್ಷಕ್ಕೇ ನಿಲ್ಲಿಸಿದವರಿಗೆ ಅವನು ಖಳನೇ. ಮುಂದೆ ನೋಡಿದವರಿಗೆ ಬೇರೊಬ್ಬ ಬೆಲಿಕ್ ಸಿಗುತ್ತಾನೆ. ಕೆಲಸ ಹೋಗುತ್ತದೆ. ತಾನು ಮಾಡದ ಕೊಲೆಗೆ ತಾನು ಕಾದ ಜೈಲಿಗೇ ಕೈದಿಯಾಗಿ ಬರುತ್ತಾನೆ. ಬಳಿಕ ಪನಾಮಾದ ಜೈಲಿನಲ್ಲಿ ಎಲ್ಲರ ಕಾಲಡಿಯ ಮನುಷ್ಯನಾಗುತ್ತಾನೆ. ಕೊನೆಗೆ 2008ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ, ತಾನು ಬೇಟೆಯಾಡಿದ ಆ ಕೈದಿಗಳ ಕೆಲಸ ಸಾಗಲೆಂದು ನೀರಿನ ದೊಡ್ಡ ಕೊಳವೆಯೊಳಗೆ ನಿಂತು ಪ್ರಾಣ ಕೊಡುತ್ತಾನೆ.

ಈ ಸಾವು ಹಳೆಯ ಲೆಕ್ಕವನ್ನು ಅಳಿಸಿತೇ? ಇಲ್ಲ ಎನ್ನುತ್ತೇವೆ ನಾವು. ಆ ಎಳೆಯ ಕೈದಿ ಅನುಭವಿಸಿದ್ದನ್ನು ಯಾವ ತ್ಯಾಗವೂ ಹಿಂದೆ ತರಲಾರದು. ಬೆಲಿಕ್ ಮಾಡಿದ್ದು ದುಷ್ಟತನವೇ. ಆದರೆ ದುಷ್ಟತನ ಮಾಡಿದವನು ಕೊನೆಯ ತನಕ ಅಷ್ಟೇ ಆಗಿರಬೇಕೆಂದಿಲ್ಲ. ಮಾಡಿದ ಕೆಲಸಕ್ಕೆ ಕಠಿಣ ತೀರ್ಪು ಕೊಡೋಣ. ಮನುಷ್ಯನ ಮೇಲೆ ಬಾಗಿಲು ಹಾಕುವುದು ಬೇಡ.

ಇನ್ನೊಂದು ಮಾತು. ಬೆಲಿಕ್‌ನ ಕೈಯಲ್ಲಿದ್ದುದು ಒಂದು ಬೀಗದ ಕೈ ಗೊಂಚಲು, ಕೇಳುವವರಿಲ್ಲದ ಸ್ವಲ್ಪ ಅಧಿಕಾರ, ಅಷ್ಟೇ. ಅಂಥ ಗೊಂಚಲು ನಮ್ಮಲ್ಲಿ ಅನೇಕರ ಸೊಂಟದಲ್ಲೂ ಇದೆ. ಕಚೇರಿಯ ಕಿಟಕಿಯ ಆಚೆ ಕುಳಿತವರಿಗೆ, ತರಗತಿಯಲ್ಲಿ ಬೆತ್ತ ಹಿಡಿದವರಿಗೆ, ಮನೆಕೆಲಸದವರಿಗೆ ಸಂಬಳ ಕೊಡುವವರಿಗೆ, ಸೊಸೆಗೆ ಅತ್ತೆಯಾದವರಿಗೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೂ. ಎದುರಿನವರು ತಿರುಗಿ ಮಾತಾಡಲಾರರು ಎಂದು ಗೊತ್ತಿರುವ ಆ ಗಳಿಗೆಯಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೋ, ನಮ್ಮ ವೇಷ ಯಾವುದೆಂದು ಅದೇ ಹೇಳುತ್ತದೆ.