ನನಗೆ ಮೂರು ಜನ್ಮದಿನಗಳು

ವಾರ್ಷಿಕ ಸಂಚಿಕೆಗೆ ನಿನ್ನ ವಿಷಯವಾಗಿಯೇ ಏನಾದರೂ ಸ್ವಾರಸ್ಯವಾದುದನ್ನು ಬರೆದುಕೊಡು ಎಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದರು. ನನ್ನಲ್ಲಿ ಸ್ವಾರಸ್ಯವೇನಿದೆ? ಬಾವಿಯಲ್ಲಿ ಈಜು ಬರುತ್ತದೆ, ಸಭೆಯಲ್ಲಿ ಮಾತು ಬರುವುದಿಲ್ಲ. ಇವೆರಡೂ ನಮ್ಮೂರಿನ ಎಲ್ಲ ಹುಡುಗರಿಗೂ ಸಲ್ಲುವ ಮಾತು. ಬಹಳ ಹೊತ್ತು ಯೋಚಿಸಿದ ಮೇಲೆ ಒಂದು ಸಂಗತಿ ಹೊಳೆಯಿತು. ಮನುಷ್ಯನಿಗೆ ಒಂದು ಜನ್ಮದಿನವಿರುವುದು ವಾಡಿಕೆ, ನನಗೆ ಮೂರಿವೆ.

ಮೊದಲನೆಯದು 2004ನೆಯ ಇಸವಿಯ ಜೂನ್ 1. ಇದು ಕಾಗದದ ಜನ್ಮದಿನ. ಪರೀಕ್ಷೆಯ ಅರ್ಜಿ ತುಂಬುವ ದಿನ ಅಧ್ಯಾಪಕರೊಬ್ಬರು, “ಜೂನ್ ಒಂದರಂದು ಹುಟ್ಟಿದವರೆಲ್ಲ ಕೈ ಎತ್ತಿರಿ” ಎಂದರು. ನನ್ನದೂ ಸೇರಿ ಒಂಬತ್ತು ಕೈಗಳು ಮೇಲೆದ್ದವು. ಹತ್ತನೆಯ ಕೈ ಅಧ್ಯಾಪಕರದೇ.

ಇದರ ಮರ್ಮ ತಿಳಿಯದವರಿಗೆ ಹೇಳತಕ್ಕದ್ದು ಇಷ್ಟು. ನಮ್ಮ ನಾಡಿನಲ್ಲಿ ಶಾಲೆಯ ವರ್ಷ ಬಹುಕಾಲದಿಂದ ಜೂನ್ ತಿಂಗಳ ಸುಮಾರಿಗೆ ಆರಂಭವಾಗುತ್ತ ಬಂದಿದೆ. ಆ ದಿನಕ್ಕೆ ಹುಡುಗನಿಗೆ ಎಷ್ಟು ವರ್ಷ ತುಂಬಿವೆ ಎಂಬುದು ಹೆಡ್‌ಮಾಸ್ತರರಿಗೆ ಬೇಕು. ತಂದೆತಾಯಿಗಳಿಗೆ ತಾರೀಖು ಗೊತ್ತಿಲ್ಲ. ಆದುದರಿಂದ ಮಾಸ್ತರರು ಆ ವರ್ಷದ ಜೂನ್ ಒಂದರಿಂದ ಆರು ವರ್ಷ ಕಳೆದು ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಲೆಕ್ಕ ಸುಲಭ, ಒಂದು ದಿನವೂ ಉಳಿಯುವುದಿಲ್ಲ. ಅಲ್ಲಿ ಬರೆದದ್ದೇ ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗಿ ಕಲ್ಲಿನ ಮೇಲಿನ ಬರಹವಾಗುತ್ತದೆ. ಜೂನ್ ಒಂದರವರು ಸರ್ಕಾರಿ ನೌಕರಿ ಸೇರಿದರೆ ಅರವತ್ತಕ್ಕೆ ಮೇ 31ರಂದು ನಿವೃತ್ತರಾಗುತ್ತಾರೆ. ಅಂದು ಅಷ್ಟೊಂದು ಕಚೇರಿಗಳಲ್ಲಿ ಒಮ್ಮೆಲೆ ಹಾರತುರಾಯಿಗಳು ಕಾಣಿಸುವುದು ಇದರಿಂದಲೇ.

ವಯಸ್ಸು ಗೊತ್ತಿಲ್ಲದ ಮಕ್ಕಳಿಗೆ ಹಿಂದೆ ಒಂದು ಪರೀಕ್ಷೆಯಿತ್ತು. ಬಲಗೈಯನ್ನು ನೆತ್ತಿಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಶಾಲೆ, ಇಲ್ಲದಿದ್ದರೆ ಮತ್ತೊಂದು ವರ್ಷ ದನಕರು. ಇದು ತೀರ ಮೂಢ ಪದ್ಧತಿಯಲ್ಲ. ಹುಟ್ಟಿದ ಕೂಸಿನ ತಲೆ ಮೈಯುದ್ದದ ಕಾಲುಭಾಗದಷ್ಟಿರುತ್ತದೆ. ಬೆಳೆದವರಲ್ಲಿ ಅದು ಸುಮಾರು ಎಂಟನೆಯ ಒಂದು ಭಾಗ. ತಲೆಗಿಂತ ಕೈಕಾಲು ಹೆಚ್ಚು ಬೇಗ ಬೆಳೆಯುವುದರಿಂದ ಒಂದು ವಯಸ್ಸಿಗೆ ಕೈ ಕಿವಿಯನ್ನು ಮುಟ್ಟಲೇಬೇಕು. ಆದರೆ ಹೊಟ್ಟೆಗಿಲ್ಲದೆ ಮೈ ಕುಗ್ಗಿದ ಮಗುವಿನ ಕೈ ತಡವಾಗಿ ಮುಟ್ಟುತ್ತದೆ. ಬಡವನ ಮಗನಿಗೆ ಹಸಿವೆಯೇ ವಯಸ್ಸನ್ನು ಕಡಿಮೆ ಮಾಡುತ್ತಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮಪ್ಪ ಹುಟ್ಟಿದ್ದು 1972ರ ಬರಗಾಲದಲ್ಲಿ. ಆದರೂ ಅವನ ಕೈ ಉದ್ದ. ಐದು ತುಂಬುವ ಮೊದಲೇ ಕಿವಿ ಮುಟ್ಟಿಬಿಟ್ಟನು. ಮಾಸ್ತರರು 1-6-1971 ಎಂದು ಬರೆದರು. ನಾಲ್ಕನೆಯ ಇಯತ್ತೆಗೆ ಅವನ ಓದು ನಿಂತಿತು. ಆ ತಾರೀಖು ಮಾತ್ರ ಇಂದಿಗೂ ಅವನ ಬೆನ್ನು ಬಿಟ್ಟಿಲ್ಲ.

ನನ್ನ ಕಾಲಕ್ಕೆ ಕಾನೂನು ಮೃದುವಾಗಿತ್ತು. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶ ನಿರಾಕರಿಸಬಾರದೆಂಬ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಜೂನ್‌ನಲ್ಲಿ ಅಪ್ಪ ನನ್ನ ಕೈಹಿಡಿದು ಶಾಲೆಗೆ ಕರೆದೊಯ್ದನು. ಜನನ ನೋಂದಣಿಯ ಕಾಯ್ದೆ 1969ರಿಂದಲೂ ಇದೆ ನಿಜ. ಆದರೆ ನಾನು ಹುಟ್ಟಿದ್ದು ಹೊಲದ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಬರೆಸಲು ಹೋದವರು ಯಾರು?

ಎರಡನೆಯ ಜನ್ಮದಿನ ನಾನೇ ಹುಡುಕಿ ತೆಗೆದದ್ದು. ಅವ್ವನನ್ನು ಕೇಳಿದಾಗ ಅವಳು ಹೇಳಿದ್ದಿಷ್ಟು: “ಎಳ್ಳಮಾಸಿ ದಿನ. ಸ್ವಾಮಾರ ಇತ್ತು. ಚರಗಾ ಚೆಲ್ಲಿ ಬಂದಿದ್ವಿ, ರಾತ್ರಿ ನೀ ಹುಟ್ಟಿದಿ. ಸಮುದ್ರ ಉಕ್ಕಿ ಮಂದಿ ಸತ್ತದ್ದನ್ನ ಅದಕ್ಕೂ ಮೊದಲ ಟೀವ್ಯಾಗ ತೋರಸ್ತಿದ್ರು.” ನಮ್ಮ ವಿಜಾಪುರದ ಕಡೆ ಎಳ್ಳಮಾವಾಸ್ಯೆಗೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ ಕಡಬು ಉಂಡು ಬರುವ ಪದ್ಧತಿಯಿದೆ. ಸುನಾಮಿ ಬಂದದ್ದು 2004ರ ಡಿಸೆಂಬರ್ 26ರಂದು. ಹಳೆಯ ಪಂಚಾಂಗ ದೊರಕಿಸಿ ನೋಡಿದೆ. ಆ ಸಲದ ಎಳ್ಳಮಾವಾಸ್ಯೆ 2005ರ ಜನವರಿ 10. ವಾರ ಸೋಮವಾರ!

ಅಕ್ಷರ ಬಾರದ ಅವ್ವ ಒಂದು ದಿನವೂ ತಪ್ಪಿರಲಿಲ್ಲ. ಅಕ್ಷರ ಬಲ್ಲ ದಾಖಲೆ ಏಳು ತಿಂಗಳು ಒಂಬತ್ತು ದಿನ ತಪ್ಪಿತ್ತು. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಇದನ್ನು ಬರಿಯ ತಮಾಷೆಯೆಂದು ಬಗೆಯಬಾರದು. ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ ಸಂಗತಿ ಕೇಳಿ. “ಗಾಂಧಿ ಮುತ್ಯಾ ಹೋದ ಸುದ್ದಿ ಬಂದಾಗ ನೀ ತೊಟ್ಟಿಲದಾಗ ಇದ್ದಿ ಅಂತ ನಮ್ಮವ್ವ ಹೇಳ್ತಿದ್ಲು” ಎನ್ನುತ್ತಾಳೆ. ಅದು 1948ರ ಜನವರಿ. 2008ರಲ್ಲಿ ಗುರುತಿನ ಚೀಟಿಗಾಗಿ ಹೆಸರು ಬರೆದುಕೊಳ್ಳಲು ಬಂದವರು ವಯಸ್ಸು ಕೇಳಿದರು. “ನಿಮಗ ತಿಳಿದಷ್ಟು ಬರ‍್ಕೋರಿ” ಎಂದಳು. ಆಗ ಅವಳ ತಲೆಗೂದಲು ಕಪ್ಪಾಗಿಯೇ ಇತ್ತು. ಅವರು ನೋಡಿ ಐವತ್ತು ಎಂದು ಬರೆದರು. ಮುಂದಿನ ಎಲ್ಲ ಕಾರ್ಡುಗಳೂ ಅದನ್ನೇ ನಕಲು ಮಾಡಿದವು. ಹೀಗೆ ಆಯಿ ಹುಟ್ಟಿದ್ದು 1958ರಲ್ಲಿ, ಅವಳ ಮಗ 1971ರಲ್ಲಿ. ಕಾಗದವನ್ನು ನಂಬುವುದಾದರೆ ಹದಿಮೂರನೆಯ ವಯಸ್ಸಿಗೆ ಅವಳು ನಮ್ಮಪ್ಪನನ್ನು ಹೆತ್ತಳು. ಅವನಿಗಿಂತ ಹಿರಿಯರಾದ ಇಬ್ಬರು ಅತ್ತೆಯರಿದ್ದಾರೆ. ಅವರ ಗತಿಯೇನೋ ನಾನರಿಯೆ!

2011ರಲ್ಲಿ ಬಡವರ ವೃದ್ಧಾಪ್ಯ ವೇತನದ ವಯಸ್ಸು 65ರಿಂದ 60ಕ್ಕೆ ಇಳಿಯಿತು. ಆಯಿಗೆ ಆಗ ಅರವತ್ತಮೂರು ದಾಟಿತ್ತು, ಚೀಟಿಯಲ್ಲಿ ಐವತ್ತಮೂರು. ಅಪ್ಪ ಒಂದು ದಿನದ ಕೂಲಿ ಬಿಟ್ಟು ಅವಳನ್ನು ಕಚೇರಿಗೆ ಕರೆದೊಯ್ದನು. “ಇನ್ನೂ ಏಳು ವರ್ಷ ಬಿಟ್ಟು ಬಾ ಅಮ್ಮ” ಎಂದರು. ತಿದ್ದಿಸಬೇಕೆಂದರೆ ಪುರಾವೆ ಬೇಕು. ಶಾಲೆಯ ಮುಖ ಕಾಣದವಳಿಗೆ ಪುರಾವೆ ಎಲ್ಲಿಯದು? ಆ ಏಳು ವರ್ಷ ಅವಳು ಕಳೆ ಕೀಳಲು ಹೋದಳು. ಬೆನ್ನು ಬಾಗಿದ್ದು ಆ ವರ್ಷಗಳಲ್ಲಿಯೇ. 2018ರಲ್ಲಿ ಹಣ ಬಂತು. ಆಗ ನನಗೆ ಹದಿಮೂರು ವರ್ಷ; ಮನೆಯಲ್ಲಿ ಓದಬಲ್ಲವನು ನಾನೆಂದು ಕಾಗದವನ್ನು ನಾನೇ ಓದಿ ಹೇಳಿದೆ. “ಅಂತೂ ನಾ ಮುದಕಿ ಆದೆ ಅಂತ ಸರ್ಕಾರದವರೂ ಒಪ್ಪಿದ್ರು” ಎಂದು ನಕ್ಕಳು. ನಾನೂ ನಕ್ಕೆ. ಆ ನಗೆಗೆ ಈಗ ನಾಚಿಕೆಯಾಗುತ್ತದೆ.

2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಪುರಾವೆ. ಅವರು ಶಾಲೆಗೆ ಬರುವ ಹೊತ್ತಿಗೆ ಹೆಡ್‌ಮಾಸ್ತರರಿಗೆ ಕಳೆಯುವ ಲೆಕ್ಕವಿರುವುದಿಲ್ಲ. ಒಳ್ಳೆಯದೇ ಆಯಿತು. ನಾನು ಮಾತ್ರ ಕಳೆದ ವಾರವೂ ಒಂದು ಅರ್ಜಿಯಲ್ಲಿ 1-6-2004 ಎಂದೇ ಬರೆದು ಸಹಿ ಹಾಕಿದ್ದೇನೆ.

ಮೂರನೆಯ ಜನ್ಮದಿನ ಅವ್ವನದು. ಜನವರಿ 10 ಎಂದು ನಾನು ಕಂಡುಹಿಡಿದು ಹೇಳಿದರೆ ಅವಳಿಗೆ ಅದು ಹಿಡಿಸಲಿಲ್ಲ. ಅವಳ ಮಗ ಹುಟ್ಟಿದ್ದು ಎಳ್ಳಮಾವಾಸ್ಯೆಗೆ. ಅದು ಯಾವ ತಾರೀಖಿಗೆ ಬಂದರೂ ಸರಿಯೆ. ಈ ಸಲ 2024ರ ಡಿಸೆಂಬರ್ 30ಕ್ಕೆ ಬಂತು, ಅಂದೂ ಸೋಮವಾರ. ಹೊಲದಲ್ಲಿ ಎಲ್ಲರಿಗೂ ಎರಡೆರಡು ಕಡಬು ಬಡಿಸಿದ ಅವ್ವ ನನ್ನ ತಾಟಿಗೆ ಮೂರು ಹಾಕಿ, “ಇಪ್ಪತ್ತು ತುಂಬಿದವು” ಎಂದಳು. ಆಯಿ ಬದುವಿನ ಮೇಲೆ ಕುಳಿತು ಬೆರಳೆಣಿಸಿ, ಹೌದೆಂದು ತಲೆಯಾಡಿಸಿದಳು.