ಏಳು ಸೀಟಿನ ಹಳೆ ಗಾಡಿ, ಐದು ಸೀಟಿನ ಹೊಸ ಗಾಡಿ

ನಮ್ಮ ಮನೆಗಳಲ್ಲಿ ಕಾರು ತೆಗೆಯುವ ಮಾತು ಎದ್ದರೆ ಮೊದಲು ಬರುವ ಪ್ರಶ್ನೆ ಮೈಲೇಜ್ ಎಷ್ಟು ಎಂದಲ್ಲ, ಎಷ್ಟು ಜನ ಹಿಡೀತಾರೆ ಎಂದು. ಉಮ್ಮ, ಮಕ್ಕಳು, ತವರಿಗೆ ಬಂದ ತಂಗಿ, ಅವಳ ಎರಡು ಮಕ್ಕಳು, ಯಾರನ್ನು ಬಿಟ್ಟು ಹೋಗುವುದು? ಹಾಗಾಗಿ ಕೈಯಲ್ಲಿ ಆರು-ಏಳು ಲಕ್ಷ ಸೇರಿದ ಕೂಡಲೇ ಮನೆಯಲ್ಲಿ ಎರಡು ಪಾರ್ಟಿ ಆಗ್ತದೆ. ಒಂದು ಪಾರ್ಟಿ ಹತ್ತು-ಹನ್ನೆರಡು ವರ್ಷ ಹಳೆಯ ಇನ್ನೋವಾ, ಇಲ್ಲದಿದ್ದರೆ ಏಳೆಂಟು ವರ್ಷ ಹಳೆಯ ಎರ್ಟಿಗಾ ಎನ್ನುತ್ತದೆ. ಇನ್ನೊಂದು ಪಾರ್ಟಿಗೆ ಷೋರೂಮಿನಿಂದ ಹೊಸ ವ್ಯಾಗನ್ ಆರ್ ಬೇಕು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದ್ದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲಂತೂ ಈ ಎರಡನೇ ಪಾರ್ಟಿಗೆ ಬಲ ಬಂದಿದೆ.

ಕಾರಿನ ವಿಷಯ ಉಸ್ತಾದರಲ್ಲಿ ಯಾಕೆ ಕೇಳ್ತಾರೆ ಎಂದು ಕೆಲವರಿಗೆ ಅನಿಸಬಹುದು. ಕೇಳ್ತಾರೆ ಮಾರಾಯ್ರೆ. ಗೇರ್ ಬಾಕ್ಸ್ ಬಗ್ಗೆ ಅಲ್ಲ, ಲೋನ್ ಬಗ್ಗೆ, ಅಡ್ವಾನ್ಸ್ ಬಗ್ಗೆ, ತೆಗೆದು ವಾರದೊಳಗೆ ಇಂಜಿನ್ ಕೈಕೊಟ್ಟ ಗಾಡಿಯ ಬಗ್ಗೆ. ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ದೊಡ್ಡದಾ ಸಣ್ಣದಾ ಎಂಬುದು ಅರ್ಧ ಲೆಕ್ಕ ಮಾತ್ರ. ಆ ಗಾಡಿ ಯಾವ ದುಡ್ಡಿನಲ್ಲಿ ಬರುತ್ತದೆ, ಮಾರುವವನು ಏನು ಹೇಳಿ ಮಾರಿದ್ದಾನೆ ಎಂಬುದು ಉಳಿದರ್ಧ.

ಮೊದಲ ಅರ್ಧ ನೋಡುವ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಮನೆಯನ್ನು ಇಟ್ಟುಕೊಳ್ಳಿ. ಗಂಡ ದಮ್ಮಾಮಿನಲ್ಲಿ, ಊರಲ್ಲಿ ಹೆಂಡತಿ, ಮೂರು ಮಕ್ಕಳು, ಮೊಣಕಾಲು ನೋವಿನ ಉಮ್ಮ. ಗಾಡಿ ಬಿಡುವುದು ಹೆಂಡತಿ. ಬೆಳಿಗ್ಗೆ ಶಾಲೆ, ಸಂಜೆ ಮದ್ರಸ, ತಿಂಗಳಿಗೊಮ್ಮೆ ಉಮ್ಮನಿಗೆ ದೇರಳಕಟ್ಟೆಯ ಆಸ್ಪತ್ರೆ. ಇಷ್ಟಕ್ಕೆ ಐದು ಸೀಟು ಸಾಕು. ಏಳು ಸೀಟು ಬೇಕಾಗುವುದು ಎರಡು ಪೆರ್ನಾಲಿಗೆ, ಮದುವೆಗಳಿಗೆ, ಗಂಡ ಊರಿಗೆ ಬಂದಾಗ ಉಳ್ಳಾಲಕ್ಕೋ ಅಜಿಲಮೊಗರಿಗೋ ಝಿಯಾರತ್‌ಗೆ. ಬೆರಳು ಮಡಚಿ ಎಣಿಸಿದರೆ ವರ್ಷಕ್ಕೆ ಹತ್ತು-ಹದಿನೈದು ದಿನ. ಆ ದಿನಗಳಿಗೆ ದಿನಕ್ಕೆ ಐದು ಸಾವಿರದಂತೆ ಬಾಡಿಗೆ ಗಾಡಿ ಹಿಡಿದರೂ ಐವತ್ತು-ಎಪ್ಪತ್ತೈದು ಸಾವಿರ. ಹಳೆ ದೊಡ್ಡ ಗಾಡಿಗೆ ನಾಲ್ಕು ಟಯರ್, ಕ್ಲಚ್, ಟೈಮಿಂಗ್ ಬೆಲ್ಟ್ ಒಂದೇ ವರ್ಷ ಬಂದರೆ ಅಷ್ಟು ದುಡ್ಡು ಗ್ಯಾರೇಜಿನಲ್ಲೇ ಹೋಗ್ತದೆ.

ಅಲ್ಲದೆ ಗಾಡಿ ದೊಡ್ಡದಾದ ಹಾಗೆ ಎಲ್ಲದಕ್ಕೂ ಬೆಲೆ ಹೆಚ್ಚು. ಕಾನೂನಿನಲ್ಲಿ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯನ್ನೇ ನೋಡಿ. 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ 1000 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದರ ಮೇಲೆ 7,897. ಜಿಎಸ್‌ಟಿ ಬೇರೆ. ಹಳೆ ಇನ್ನೋವಾ ಎರಡೂವರೆ ಲೀಟರ್ ಇಂಜಿನ್, ಕೊನೆಯ ಸಾಲಿಗೇ ಬರುತ್ತದೆ. ಎರ್ಟಿಗಾ ನಡುವಿನದ್ದು. ಇನ್ನು ನಮ್ಮ ಗುಡ್ಡೆ ಮೇಲಿನ ಮನೆಗಳು. ಕೆಂಪುಕಲ್ಲು ಕಡಿದು ಮಾಡಿದ ಒಂದೇ ಗಾಡಿ ಹೋಗುವ ದಾರಿ, ಎದುರಿಂದ ರಿಕ್ಷಾ ಬಂದರೆ ಒಬ್ಬರು ಹಿಂದೆ ಹೋಗಬೇಕು. ನಾಲ್ಕೂವರೆ ಮೀಟರ್ ಉದ್ದದ ಗಾಡಿಯನ್ನು ಅಂಗಳದಲ್ಲಿ ತಿರುಗಿಸಲು ನಾಲ್ಕು ಸಲ ಹಿಂದೆ-ಮುಂದೆ. ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡ ಹೆಂಗಸಿಗೆ ಆ ಗಾಡಿ ಕೊಟ್ಟರೆ ಎರಡನೇ ತಿಂಗಳಿಂದ ಅದು ಶೆಡ್ಡಿನಲ್ಲೇ ಇರ್ತದೆ, ಮಕ್ಕಳು ಮತ್ತೆ ರಿಕ್ಷಾದಲ್ಲಿ.

ಹಾಗಂತ ಎಲ್ಲರೂ ಸಣ್ಣ ಗಾಡಿ ತೆಗೆಯಿರಿ ಎಂದಲ್ಲ. ಅಣ್ಣತಮ್ಮಂದಿರು ಒಟ್ಟಿಗೆ ಇರುವ ಮನೆ, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಒಬ್ಬರನ್ನು ಮಲಗಿಸಿಕೊಂಡು ಹೋಗಬೇಕಾದ ಮನೆ, ವ್ಯಾಪಾರಕ್ಕಾಗಿ ತಿಂಗಳಿಗೆ ಮೂರು ಸಲ ಶಿರಾಡಿ ಹತ್ತಬೇಕಾದ ಮನೆ, ಇವರಿಗೆ ಹೊಸದು ಎಂಬ ಒಂದೇ ಕಾರಣಕ್ಕೆ ಸಣ್ಣ ಗಾಡಿ ಹೊಂದುವುದಿಲ್ಲ. ಒಂದು ಲೀಟರ್ ಇಂಜಿನ್‌ನಲ್ಲಿ ಐದು ಜನ, ಲಗೇಜು, ಎಸಿ ಹಾಕಿ ಘಾಟಿ ಹತ್ತಿದವರಿಗೆ ಗೊತ್ತುಂಟು. ಇನ್ನೊಂದು, ಐದು ಸೀಟಿಗೆ ಎಂಟು ಜನ ತುಂಬುವ ನಮ್ಮ ಅಭ್ಯಾಸ. ಓಮ್ನಿಯ ಕಾಲದಿಂದ ಬಂದದ್ದು ಇದು. ಆಗ ಹಿಂದೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿ ಮಡಿಕೇರಿಗೂ ಹೋಗಿ ಬಂದವರಿದ್ದಾರೆ. ಈಗಿನ ನಾಲ್ಕು ಪಥದ ರಸ್ತೆಯ ವೇಗಕ್ಕೆ ಅದು ಆಗ್ಲಿಕ್ಕಿಲ್ಲ. ಮುಂದಿನ ಸೀಟಿನಲ್ಲಿ ಮಡಿಲ ಮೇಲಿರುವ ಮಗುವಿಗೆ ಏರ್‌ಬ್ಯಾಗ್ ರಕ್ಷಣೆಯಲ್ಲ, ಅಪಾಯ. ದಿನಾಲೂ ಏಳು ಜನ ಹೋಗುವವರು ಏಳು ಸೀಟಿನದ್ದನ್ನೇ ತೆಗೆಯಬೇಕು.

ಈಗ ದುಡ್ಡು. ಹೊಸ ಗಾಡಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಲೋನ್ ಗಾಡಿ. ಐದು ಲಕ್ಷವನ್ನು ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 10,380 ರೂಪಾಯಿ, ಕೊನೆಗೆ ಕಟ್ಟುವುದು ಆರು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ. ಬಡ್ಡಿಯೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ. ಅಷ್ಟರಲ್ಲಿ ಗಾಡಿಯ ಬೆಲೆ ಏನಾಗಿದೆ? ವಿಮೆಯವರು ಬೆಲೆ ಕಟ್ಟುವ ಪಟ್ಟಿಯಲ್ಲೇ ಐದನೇ ವರ್ಷಕ್ಕೆ ಅರ್ಧ ಕಳೆಯುತ್ತಾರೆ. ಲೆಕ್ಕದ ಮಾತು ಹಾಗಿರಲಿ. ರಿಬಾ ನಿಷಿದ್ಧ ಎಂದು ಮದ್ರಸದ ಬೆಂಚಿನಲ್ಲಿ ಕಲಿತವರೇ ಕಾರಿನ ವಿಷಯಕ್ಕೆ ಬಂದಾಗ ‘ಈಗ ಎಲ್ಲರೂ ಮಾಡ್ತಾರಲ್ಲ ಉಸ್ತಾದ್’ ಎನ್ನುತ್ತಾರೆ. ಮನೆಯಲ್ಲಿ ರೋಗಿ ಉಂಟು, ಹೊಟ್ಟೆಗೆ ಇಲ್ಲ ಎಂಬ ಸ್ಥಿತಿಯ ಬಗ್ಗೆ ನಾನು ಇಲ್ಲಿ ಮಾತಾಡುತ್ತಿಲ್ಲ. ನಡೆಯುವ ಹಳೆ ಗಾಡಿಯನ್ನು ನಗದಿಗೆ ತೆಗೆಯಲು ಸಾಧ್ಯವಿದ್ದವನು ಹೊಸ ಬಣ್ಣಕ್ಕಾಗಿ ಬಡ್ಡಿಗೆ ಸಹಿ ಹಾಕುವುದರಲ್ಲಿ ಅನಿವಾರ್ಯ ಎಂಬುದು ಎಲ್ಲಿದೆ?

ಕಂತೆಲ್ಲ ಬಡ್ಡಿಯಲ್ಲ, ಇದನ್ನೂ ಹೇಳಬೇಕು. ಮಾರುವವನು ತನ್ನದೇ ಗಾಡಿಗೆ ‘ನಗದಾದರೆ ಐದು ಲಕ್ಷ, ಎರಡು ವರ್ಷದ ಕಂತಾದರೆ ಐದೂವರೆ’ ಎಂದು ಹೇಳಿ, ಇಬ್ಬರೂ ಅಲ್ಲೇ ಒಂದನ್ನು ನಿಶ್ಚಯಿಸಿ ಎದ್ದರೆ ಅದು ವ್ಯಾಪಾರ, ಸಾಲವಲ್ಲ. ಯಾವುದೆಂದು ನಿಶ್ಚಯಿಸದೆ ಬಿಟ್ಟರೆ ಆಗ್ಲಿಕ್ಕಿಲ್ಲ, ಕಂತು ತಡವಾಯಿತೆಂದು ಆಮೇಲೆ ಮೊತ್ತ ಏರಿಸಿದರೂ ಆಗ್ಲಿಕ್ಕಿಲ್ಲ. ಪರಿಚಯದವರೊಳಗೆ, ಜಮಾಅತಿನೊಳಗೆ ಹೀಗೆ ಗಾಡಿ ಕೊಟ್ಟು ತೆಗೆದುಕೊಳ್ಳುವುದು ಇನ್ನೂ ಹೆಚ್ಚಬೇಕು ಎಂದು ನನಗೆ ಅನಿಸುತ್ತದೆ.

ಇಲ್ಲಿ ಮೂರನೇ ದಾರಿ ಒಂದುಂಟು, ಅದನ್ನು ಮನೆಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ನಾಲ್ಕೈದು ವರ್ಷ ಓಡಿದ ಸಣ್ಣ ಗಾಡಿ. ಅರ್ಧ ಬೆಲೆಗೆ ನಗದಿಗೇ ಬರ್ತದೆ, ಉಳಿದ ದುಡ್ಡು ಕೈಯಲ್ಲಿರ್ತದೆ. ಅದಕ್ಕೆ ಹೊಸದರ ಹೊಳಪೂ ಇಲ್ಲ, ದೊಡ್ಡದರ ಗತ್ತೂ ಇಲ್ಲ, ಪುದಿಯಾಪ್ಲನ ಕಡೆಯವರ ಮುಂದೆ ನಿಲ್ಲಿಸಲು ನಾಚಿಕೆಯಂತೆ. ನನ್ನನ್ನು ಕೇಳಿದರೆ ಮೇಲೆ ಹೇಳಿದ ದಮ್ಮಾಮಿನ ಮನೆಗೆ ಸರಿಯಾದದ್ದು ಅದೇ.

ಆದರೆ ಹಳೆಯದು ಎಂದ ಕೂಡಲೇ, ಸಣ್ಣದಿರಲಿ ದೊಡ್ಡದಿರಲಿ, ಎರಡನೇ ಅರ್ಧದ ಲೆಕ್ಕ ಶುರುವಾಗುತ್ತದೆ. ಹಿಂದೆ ಅರಬರಲ್ಲಿ ಒಂದು ಮೋಸವಿತ್ತು. ಆಡು, ಒಂಟೆಯನ್ನು ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಕೆಚ್ಚಲು ಕಟ್ಟಿ ಬಿಡುವುದು. ಸಂತೆಯಲ್ಲಿ ಕೆಚ್ಚಲು ತುಂಬಿ ನಿಂತ ಪ್ರಾಣಿಯನ್ನು ಕಂಡವನು ದಿನಾ ಇಷ್ಟು ಹಾಲು ಎಂದುಕೊಂಡು ದುಡ್ಡು ಕೊಡುತ್ತಿದ್ದ. ಪ್ರವಾದಿ (ಸ) ಅವರು ಇದನ್ನು ನಿಷೇಧಿಸಿದರು, ಮೋಸ ಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನೂ ಕೊಟ್ಟರು. ಕಿತಾಬುಗಳಲ್ಲಿ ಇದಕ್ಕೆ ತಸ್ರಿಯಾ ಎಂದು ಹೆಸರು. ಮಕ್ಕಳಿಗೆ ಈ ಪಾಠ ಮಾಡುವಾಗ ಆಡಿನ ಉದಾಹರಣೆ ಅರ್ಥವಾಗದಿದ್ದರೆ ಕಾರಿನ ಮೀಟರ್ ಹಿಂದೆ ತಿರುಗಿಸುವುದನ್ನು ಹೇಳಿದರೆ ಸಾಕು. ಎರಡು ಲಕ್ಷ ಕಿಲೋಮೀಟರ್ ಓಡಿದ ಗಾಡಿ ಎಂಬತ್ತು ಸಾವಿರ ತೋರಿಸಿ ನಿಂತರೆ ಅದೂ ಕಟ್ಟಿದ ಕೆಚ್ಚಲೇ.

ಕಟ್ಟಿದ ಕೆಚ್ಚಲನ್ನು ಗುರುತಿಸುವುದು ಹೇಗೆ? ಮೀಟರ್ ಸುಳ್ಳು ಹೇಳಬಹುದು, ಬ್ರೇಕ್ ಪೆಡಲಿನ ಸವೆದ ರಬ್ಬರ್, ನುಣುಪಾದ ಸ್ಟೀರಿಂಗ್, ಕುಸಿದ ಡ್ರೈವರ್ ಸೀಟು ಹೇಳುವುದಿಲ್ಲ. ಕಂಪೆನಿ ಸರ್ವಿಸ್ ಆದ ಗಾಡಿಯಾದರೆ ಪ್ರತಿ ಸರ್ವಿಸ್‌ನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ, ಆ ಬಿಲ್ಲು ಕೇಳಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲಕ, ವಿಮೆ ಯಾವಾಗ ಮುಗಿಯುತ್ತದೆ, ಸಾಲ ಬಾಕಿ ಉಂಟಾ ಎಂಬುದು ತಿಳಿಯುತ್ತದೆ. ಇನ್ನೋವಾ, ಎರ್ಟಿಗಾಗಳಲ್ಲಿ ಹಳದಿ ಬೋರ್ಡಿನಲ್ಲಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬಂದವು ಇರುತ್ತವೆ, ವಿಚಾರಿಸಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ನೆರೆ ನೀರಿನಲ್ಲಿ ನಿಂತ ಗಾಡಿಯಾದರೆ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ನಮ್ಮ ಕರಾವಳಿಯ ಗಾಡಿಗೆ ಇಂಜಿನಿಗಿಂತ ಮೊದಲು ತಳ ಹೋಗುವುದು. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಮೇಲೆ ಪಾಲಿಶ್ ಹೊಡೆದು ಕನ್ನಡಿಯ ಹಾಗೆ ಮಾಡಿರ್ತಾರೆ. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಕೆಳಗಿನಿಂದ ನೋಡದೆ ದುಡ್ಡು ಕೊಡಬೇಡಿ.

ದಿಲ್ಲಿ ಕಡೆಯಿಂದ ಬರುವ ಅಗ್ಗದ ಡೀಸೆಲ್ ಗಾಡಿಗಳ ಬಗ್ಗೆ ಒಂದೇ ಮಾತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಅವು ದಕ್ಷಿಣಕ್ಕೆ ಇಳಿದವು. ಬೆಲೆ ಕಡಿಮೆ ನಿಜ, ಆದರೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ತೆರಿಗೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಪಕ್ಕದ ಕಾಸರಗೋಡಿನ ಗಾಡಿಗೂ ಇದೇ ನಿಯಮ. ಕರ್ನಾಟಕದ್ದೇ ಗಾಡಿಯಾದರೆ ಜೀವಾವಧಿ ತೆರಿಗೆ ಮೊದಲ ಮಾಲಕನೇ ಕಟ್ಟಿರುತ್ತಾನೆ, ನಿಮಗೆ ಅದಿಲ್ಲ.

ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಕೊಳ್ಳುವವನಿಗೆ ಇರುವ ಹಕ್ಕುಗಳು ಕಿತಾಬಿನಲ್ಲೇ ಉಳಿದುಬಿಟ್ಟಿವೆ. ಮಾತು ಮುಗಿದರೂ ಇಬ್ಬರೂ ಆ ಜಾಗ ಬಿಟ್ಟು ಬೇರೆಯಾಗುವವರೆಗೆ ಯಾರು ಬೇಕಾದರೂ ವ್ಯವಹಾರ ರದ್ದು ಮಾಡಬಹುದು, ಮುಖ ಕೆಡಿಸಿಕೊಳ್ಳಬೇಕಾಗಿಲ್ಲ. ಮೂರು ದಿನದವರೆಗೆ ಬೇಡವೆನಿಸಿದರೆ ಹಿಂದಿರುಗಿಸುತ್ತೇನೆ ಎಂದು ಷರತ್ತು ಹಾಕಿಕೊಳ್ಳಬಹುದು. ಮೆಕ್ಯಾನಿಕ್ ಹತ್ತಿರ ಕೊಂಡೊಯ್ಯಲು, ಒಂದು ಸಲ ಘಾಟಿ ಹತ್ತಿಸಲು ಮೂರು ದಿನ ಧಾರಾಳ ಸಾಕು. ಮಾರುವ ಮೊದಲೇ ಇದ್ದ ದೋಷ ಆಮೇಲೆ ಗೊತ್ತಾದರೆ ಗಾಡಿ ಹಿಂದೆ ಕೊಟ್ಟು ದುಡ್ಡು ಕೇಳುವ ಹಕ್ಕುಂಟು. ಆದರೆ ಗೊತ್ತಾದ ಕೂಡಲೇ ಹೇಳಬೇಕು. ದೋಷ ಕಂಡ ಮೇಲೂ ‘ಈ ಮದುವೆ ಒಂದು ಮುಗಿಯಲಿ’ ಎಂದು ಹದಿನೈದು ದಿನ ಓಡಿಸಿದವನಿಗೆ ಆ ಹಕ್ಕು ಉಳಿಯುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ.

ಮಾರುವವರ ಕಡೆಯಿಂದ ಒಂದು ಮಾತು ಬರುತ್ತದೆ, ‘ಇದ್ದ ಹಾಗೆ ಕೊಡ್ತೇನೆ, ಆಮೇಲೆ ನನ್ನಲ್ಲಿ ಕೇಳಬೇಡಿ’. ಹೀಗೆ ಹೇಳಿದ ಮಾತ್ರಕ್ಕೆ ಗಾಡಿಯ ದೋಷದಿಂದ ಕೈ ತೊಳೆದುಕೊಂಡ ಹಾಗೆ ಆಗುವುದಿಲ್ಲ. ನಮ್ಮ ಮದ್‌ಹಬ್ ಆ ವಿನಾಯಿತಿ ಕೊಟ್ಟದ್ದು ಪ್ರಾಣಿಯ ವಿಷಯದಲ್ಲಿ, ಅದೂ ಮಾರುವವನಿಗೇ ಗೊತ್ತಿಲ್ಲದ ಒಳಗಿನ ದೋಷಕ್ಕೆ. ಅಡ್ವಾನ್ಸಿನ ವಿಷಯವೂ ಹಾಗೆಯೇ. ಬೆಲೆಯ ಭಾಗವಾಗಿ ಮುಂಗಡ ಕೊಡುವುದರಲ್ಲಿ ತೊಂದರೆ ಇಲ್ಲ. ‘ನೀನು ತೆಗೆಯದಿದ್ದರೆ ಈ ಹತ್ತು ಸಾವಿರ ನನ್ನದು’ ಎಂಬ ಷರತ್ತಿನ ವ್ಯಾಪಾರವನ್ನು ಶಾಫಿಈ ಕಿತಾಬುಗಳು ಒಪ್ಪುವುದಿಲ್ಲ. ನಮ್ಮವರೇ ನಡೆಸುವ ಎಷ್ಟೋ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರದಲ್ಲಿ ಈ ಷರತ್ತು ಮಾಮೂಲಿ ಆಗಿದೆ. ಅಂದ ಹಾಗೆ ಅವರಿಗೆ ಇನ್ನೊಂದು ನೆನಪು: ಮನೆ ಬಳಕೆಯ ಕಾರಿಗೆ ಝಕಾತ್ ಇಲ್ಲ, ಮಾರಾಟಕ್ಕೆ ಸಾಲಾಗಿ ನಿಲ್ಲಿಸಿದ ಕಾರುಗಳಿಗೆ ವರ್ಷ ತುಂಬಿದಾಗ ಅಂದಿನ ಬೆಲೆಯ ಮೇಲೆ ಶೇ. 2.5 ಉಂಟು.

ಕಾಗದದ ಕೆಲಸವನ್ನು ನಮ್ಮವರು ನಂಬಿಕೆಯ ಮೇಲೆ ಬಿಡುವುದು ಜಾಸ್ತಿ. ಗಾಡಿ ಕೈ ಬದಲಾದರೂ ಆರ್‌ಸಿಯಲ್ಲಿ ಹಳಬನ ಹೆಸರೇ ಇದ್ದರೆ, ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರಿದವನು 14 ದಿನದೊಳಗೆ, ತೆಗೆದವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರ್ಮ್ 29, 30 ಇದಕ್ಕೆ. ಹಳೆ ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು. ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ.

ಗಂಡ ಗಲ್ಫಿನಲ್ಲಿದ್ದರೆ ಗಾಡಿ ಯಾರ ಹೆಸರಿಗೆ? ಸಹಿಗೆ, ವಿಮೆಗೆ, ನಾಳೆ ಮಾರುವುದಕ್ಕೆ ಊರಲ್ಲಿ ಇರುವವರ ಹೆಸರಿಗೆ ಆದರೆ ಸುಲಭ. ಹೆಂಡತಿಯ ಹೆಸರಿಗೆ ಮಾಡುವುದಾದರೆ ಇದು ಅವಳಿಗೆ ಕೊಟ್ಟದ್ದೋ, ಬರೇ ಹೆಸರಿಗೋ ಎಂಬುದನ್ನು ಅಂದೇ ಇಬ್ಬರು ಸಾಕ್ಷಿಗಳ ಮುಂದೆ ಬಾಯಿಬಿಟ್ಟು ಹೇಳಿ, ಒಂದು ಕಾಗದದಲ್ಲಿ ಬರೆದಿಡಿ. ಗಂಡ ತೀರಿದ ಮೇಲೆ ಆಸ್ತಿ ಪಾಲು ಮಾಡಲು ಕೂತಾಗ ಅಂಗಳದಲ್ಲಿ ನಿಂತ ಕಾರು ಯಾರದ್ದು ಎಂಬ ಒಂದೇ ಪ್ರಶ್ನೆಗೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳಿವೆ.