ನಂಜನಗೂಡು ತಿರುಮಲಾಂಬ ಅವರ ಪತ್ರಿಕಾವ್ಯವಸಾಯ

ದೂರದರ್ಶನದ ಪರದೆಯ ಮೇಲೆ ಸ್ತ್ರೀಯೊಬ್ಬಳು ಕನ್ನಡದಲ್ಲಿ ವಾರ್ತೆಯನ್ನೋದುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಅದಕ್ಕೆ ಸುಮಾರು ಎಪ್ಪತ್ತು ವರ್ಷಗಳ ಹಿಂದೆಯೇ ಹೆಣ್ಣೊಬ್ಬಳು ತನ್ನ ಹೆಸರಿನಿಂದ ಕನ್ನಡ ವಾಚಕರನ್ನು ನೇರವಾಗಿ ಸಂಬೋಧಿಸಿ, ಬರಹ ಪ್ರಕಟನೆಗಳೆರಡರ ಭಾರವನ್ನೂ ತಾನೇ ಹೊತ್ತು ನಿಂತಿದ್ದಳು. ಆಕೆಯೇ ನಂಜನಗೂಡು ತಿರುಮಲಾಂಬ. ಸಾಹಿತ್ಯಚರಿತ್ರೆಗಳು ಇವರನ್ನು ಹೊಸಗನ್ನಡದ ಮೊದಲ ಕಾದಂಬರಿಗಾರ್ತಿಯೆಂದು ಒಂದೆರಡು ವಾಕ್ಯಗಳಲ್ಲಿ ನೆನೆದು ಮುಂದೆ ಸಾಗುವುದುಂಟು. ಆದರೆ ಇವರ ಕಾದಂಬರಿಗಳನ್ನು ಇವರ ಪತ್ರಿಕಾವ್ಯವಸಾಯದಿಂದ ಬೇರ್ಪಡಿಸಿ ನೋಡಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ತಿರುಮಲಾಂಬ ಅವರು 1887ರ ಮಾರ್ಚ್ 25ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು, ತಾಯಿ ಅಲಮೇಲಮ್ಮನವರು. ಅಂದಿನ ವಾಡಿಕೆಯಂತೆ ಹತ್ತನೆಯ ವಯಸ್ಸಿನಲ್ಲಿ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯವು ಪ್ರಾಪ್ತವಾಯಿತು. ಬಾಲವಿಧವೆಯ ಪಾಲಿಗೆ ಮನೆಯ ಹಿಂಬದಿಯ ಕೋಣೆಯೇ ಲೋಕವಾಗಿದ್ದ ಕಾಲವದು. ತಂದೆಯವರು ಮಗಳ ವಿದ್ಯಾಭ್ಯಾಸಕ್ಕೆ ಒತ್ತಾಸೆಯಾಗಿ ನಿಂತರು. ಕನ್ನಡದೊಡನೆ ತೆಲುಗು ತಮಿಳುಗಳ ಪರಿಚಯವೂ ಅವರಿಗೆ ಮನೆಯಲ್ಲಿಯೇ ಲಭಿಸಿತು.

1913ರಲ್ಲಿ ಅವರು 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಅದರ ಮೊದಲ ಕುಸುಮವಾಗಿ ಅವರದೇ ಕಾದಂಬರಿ 'ಸುಶೀಲೆ' ಹೊರಬಿದ್ದಿತು. ಈ ಕಾಲದ ಮೈಸೂರು ಸಂಸ್ಥಾನದ ಸ್ಥಿತಿಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಎಂ. ವೆಂಕಟಕೃಷ್ಣಯ್ಯನವರಂಥ ಸಮರ್ಥರಿಂದ ಬೆಳೆದಿದ್ದ ಪತ್ರಿಕೋದ್ಯಮವು 1908ರ ವೃತ್ತಪತ್ರಿಕೆಗಳ ಕಾನೂನಿನಿಂದ ದೊಡ್ಡ ಪೆಟ್ಟನ್ನು ತಿಂದಿತ್ತು. ಅನುಭವಶಾಲಿಗಳಾದ ಪುರುಷರೇ ಲೇಖನಿಯನ್ನು ಬದಿಗಿಟ್ಟಿದ್ದ ಆ ದಿನಗಳಲ್ಲಿ, ರಾಜಧಾನಿಯಲ್ಲದ ಒಂದು ಕ್ಷೇತ್ರದಿಂದ, ಇಪ್ಪತ್ತಾರು ವರ್ಷದ ವಿಧವೆಯೊಬ್ಬಳು ಪ್ರಕಟನಕಾರ್ಯಕ್ಕೆ ಕೈಹಾಕಿದುದು ಸಾಮಾನ್ಯ ಸಾಹಸವಲ್ಲ.

ಮಾಲೆ ಎಂಬ ಮಾತನ್ನು ಗಮನಿಸಬೇಕು. ಒಂದು ಪುಸ್ತಕವನ್ನು ಬರೆದು ಸುಮ್ಮನಾಗುವವರಿಗೆ ಮಾಲೆಯು ಬೇಕಿಲ್ಲ. ಮಾಲೆಯೆಂದರೆ ಮುಂದಿನ ಸಂಪುಟವನ್ನು ನಿರೀಕ್ಷಿಸುವ ವಾಚಕವರ್ಗವುಂಟೆಂಬ ನಂಬಿಕೆ. ಇಲ್ಲದಿದ್ದರೆ ಅದನ್ನು ಕಟ್ಟುವೆನೆಂಬ ಸಂಕಲ್ಪ. 'ನಭಾ', 'ವಿದ್ಯುಲ್ಲತಾ', 'ವಿರಾಗಿಣಿ', 'ದಕ್ಷಕನ್ಯಾ' ಮೊದಲಾದ ಕೃತಿಗಳು ಒಂದರ ಹಿಂದೊಂದರಂತೆ ಬಂದವು. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಂಬ ಮೂರು ಪದವಿಗಳು ಒಬ್ಬರಲ್ಲಿಯೇ ಸೇರಿದುದರಿಂದ ಯಾವುದನ್ನು ಅಚ್ಚಿಸಬೇಕು, ಯಾರಿಗಾಗಿ ಅಚ್ಚಿಸಬೇಕು ಎಂಬುದಕ್ಕೆ ಪರರ ಅಪ್ಪಣೆಯನ್ನು ಕಾಯಬೇಕಾದ ಅಗತ್ಯವಿರಲಿಲ್ಲ. ಕನ್ನಡದ ಸ್ತ್ರೀಗೆ ಇಂಥ ಸ್ವಾತಂತ್ರ್ಯವು ಹಿಂದೆ ದೊರೆತಿದ್ದುದು ವಿರಳ.

ಅದೇ ದಶಕದ ಉತ್ತರಾರ್ಧದಲ್ಲಿ ಅವರು 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅನಂತರ 'ಸನ್ಮಾರ್ಗದರ್ಶಿನೀ' ಎಂಬ ಮತ್ತೊಂದನ್ನು ನಡೆಸಿದರು. ಸ್ತ್ರೀಯರಿಗಾಗಿ ಪುರುಷರು ನಡೆಸುತ್ತಿದ್ದ ಪತ್ರಿಕೆಗಳು ಭಾರತದಲ್ಲಿ ಹೊಸತಾಗಿರಲಿಲ್ಲ. ಕಲ್ಕತ್ತೆಯ 'ವಾಮಾಬೋಧಿನೀ ಪತ್ರಿಕಾ' 1863ರಲ್ಲಿಯೇ ಹುಟ್ಟಿತ್ತು. ಬಂಗಾಳದಲ್ಲಿ ಸ್ವರ್ಣಕುಮಾರೀ ದೇವಿಯವರು 1884ರಿಂದ 'ಭಾರತೀ' ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದ್ದರು. ಆದರೆ ಅವರ ಬೆನ್ನಿಗೆ ಠಾಕೂರ್ ಮನೆತನದ ಪ್ರತಿಷ್ಠೆಯಿತ್ತು. ತಿರುಮಲಾಂಬ ಅವರಿಗೆ ಇದ್ದುದು ತಂದೆಯ ಆಶ್ರಯವೂ ತಮ್ಮ ಲೇಖನಿಯೂ ಮಾತ್ರ. ಕೆಲಕಾಲದಲ್ಲಿಯೇ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ'ಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ನಡೆಸಿಕೊಂಡು ಬಂದರು. ಇವರೂ ಬಾಲವಿಧವೆಯರೇ ಎಂಬುದು ವಿಚಾರಾರ್ಹ. ಗೃಹಿಣೀಪದವು ನಿರಾಕೃತವಾದೆಡೆಯಲ್ಲಿ ಸಂಪಾದಕೀಪದವು ಅರಳಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ತಿರುಮಲಾಂಬ ಅವರ ಅಭಿಪ್ರಾಯಗಳು ಇಂದಿನ ವಾಚಕನನ್ನು ತಡೆದು ನಿಲ್ಲಿಸುವುದು ಸಹಜ. ಪಾತಿವ್ರತ್ಯದ ಆದರ್ಶ, ಗೃಹಧರ್ಮದ ಪ್ರಶಂಸೆ, ನೀತಿಬೋಧೆ ಇವು ಅವರ ಬರವಣಿಗೆಯಲ್ಲಿ ಹೇರಳ. ಮುಂದೆ ಬಂದ ವಿಮರ್ಶಕರು ಮನಶ್ಶೋಧನೆ, ಪಾತ್ರವೈವಿಧ್ಯ ಮುಂತಾದ ಅಳತೆಗೋಲುಗಳಿಂದ ಅಳೆದು ಈ ಕೃತಿಗಳನ್ನು ಹಗುರವೆಂದು ಬಗೆದುದೂ ಇದರಿಂದಲೇ. ಆ ಅಳತೆಯು ತಪ್ಪಲ್ಲ, ಆದರೆ ಅಪೂರ್ಣ. ಓದುಬರಹವನ್ನು ಆಗತಾನೇ ಕಲಿತ ಹೆಣ್ಣುಮಕ್ಕಳಿಗೆ, ಅವರ ಮನೆಯ ಹಿರಿಯರು ಆಕ್ಷೇಪಿಸದಂಥ ಪುಸ್ತಕವನ್ನು ಮುಟ್ಟಿಸುವುದು ಸಂಪಾದಕಿಯ ಸಮಸ್ಯೆಯಾಗಿತ್ತು. ಸಂಪ್ರದಾಯದ ಮಾತು ಬಾಗಿಲನ್ನು ತೆರೆಸಿತು. ಒಳಹೊಕ್ಕುದು ಓದುವ ಅಭ್ಯಾಸ. ಸತಿಯರಿಗೆ ಹಿತವನ್ನು ಹೇಳುತ್ತಿದ್ದವಳು ಪತಿಯಿಲ್ಲದವಳೆಂಬ ವೈಪರೀತ್ಯವನ್ನೂ ಮರೆಯಲಾಗದು. ಮಂಗಳಕಾರ್ಯಗಳಲ್ಲಿ ಎದುರಿಗೆ ಬರಲೂಬಾರದೆಂಬ ನಿರ್ಬಂಧವಿದ್ದ ವಿಧವೆಯ ಮಾತು ಅಚ್ಚಿನ ಮೂಲಕ ಮುತ್ತೈದೆಯರ ಮನೆಗಳನ್ನು ನಿರ್ವಿಘ್ನವಾಗಿ ಪ್ರವೇಶಿಸಿತು.

ನವೋದಯದ ಉತ್ಕರ್ಷಕಾಲದಲ್ಲಿ ಅವರ ಹೆಸರು ಮೆಲ್ಲನೆ ಹಿಂದೆ ಸರಿಯಿತು. ಅವರೂ ಬರವಣಿಗೆಯನ್ನು ನಿಲ್ಲಿಸಿದರು. ವಿಜಯಾ ದಬ್ಬೆಯವರೇ ಮೊದಲಾದವರ ಸಂಶೋಧನೆಯಿಂದ ಅವರ ಕಾರ್ಯದ ಪುನಃಪರಿಶೀಲನೆಯಾದುದು ಬಹಳ ತಡವಾಗಿ. ಉತ್ತರವಯಸ್ಸಿನಲ್ಲಿ ಅವರು ಮದರಾಸಿನಲ್ಲಿ ನೆಲೆಸಿದ್ದರು. ಅಲ್ಲಿಗೆ ಅವರನ್ನು ಹುಡುಕಿಕೊಂಡು ಹೋದ ಸಾಹಿತ್ಯಾಭ್ಯಾಸಿಯೊಬ್ಬರಿಗೆ ಬಾಗಿಲು ತೆರೆದ ವೃದ್ಧೆಯು, ತಿರುಮಲಾಂಬ ಎಂದೋ ತೀರಿಹೋದಳೆಂದು ಹೇಳಿ ಕದವನ್ನು ಮುಚ್ಚಿದರಂತೆ. ಹಾಗೆ ಹೇಳಿದವರು ತಿರುಮಲಾಂಬ ಅವರೇ ಎಂಬುದು ಬಂದವರಿಗೆ ಆಮೇಲೆ ತಿಳಿಯಿತು. ಅವರು ನಿಜವಾಗಿ ದಿವಂಗತರಾದುದು 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ.